ಹನ್ನೊಂದು ಕಂಬ

ಕೈಬೆಟೊ ದಾಟಿ ಟಾರು ಮುಗಿದಲ್ಲಿ
ಕೆಮ್ಮಣ್ಣಿನ ದಾರಿ ಮೂರು ಕವಲಾಗುತ್ತದೆ.
ನಡುವಿನದನ್ನು ಹಿಡಿ ಅಂದಿದ್ದ ಫೋರ್‌ಮನ್ ಡೆಲ್ಬರ್ಟ್,
ಬಲಗಡೆಯದು ಬರೀ ಕುರಿಗಳದ್ದು.

ಎಲ್ಸಿ ಬಿತ್ಸುಯಿಯ ಮನೆಗೆ
ಹನ್ನೊಂದು ಕಂಬ, ಒಂದು ಟ್ರಾನ್ಸ್‌ಫಾರ್ಮರು, ಒಂದು ಮೀಟರು.
ಕಾಗದದಲ್ಲಿ ಇಷ್ಟೇ.
ಆ ಕಾಗದಕ್ಕೆ ಹತ್ತೊಂಬತ್ತು ವರ್ಷ.
ಮೇವಿನ ಹಕ್ಕಿದ್ದ ಚಿಕ್ಕಮ್ಮ ಸಹಿ ಹಾಕಬೇಕಿತ್ತು,
ತೀರಿಕೊಂಡಳು.
ಅವಳ ಮಗ ಹಾಕಬೇಕಿತ್ತು,
ಅವನು ವಿನ್ಸ್ಲೋದಲ್ಲೆಲ್ಲೋ ವೆಲ್ಡಿಂಗ್ ಮಾಡಿಕೊಂಡಿದ್ದ.
ಹಳೆಯ ಮಡಕೆಚೂರು ಏನಾದರೂ ಉಂಟೇ ಎಂದು
ಒಬ್ಬಳು ಬಂದು ಮೊಣಕಾಲೂರಿ ನೆಲ ನೋಡಬೇಕಿತ್ತು.
ನೋಡಿದಳು. ಇರಲಿಲ್ಲ.
ಇರಲಿಲ್ಲವೆಂಬುದಕ್ಕೂ ಒಂದು ಕಾಗದ.

ಮನೆಯ ಹಿಂದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ,
ದೊಡ್ಡ ಲೈನು.
ಗೋಪುರ ಗೋಪುರದ ಕೈಹಿಡಿದು
ದಿಬ್ಬ ಇಳಿದು ಕಣಿವೆ ಹಾರಿ
ಫೀನಿಕ್ಸಿಗೆ ಹೋಗುತ್ತದೆ,
ಅಲ್ಲಿನ ಎ.ಸಿ.ಗಳಿಗೆ, ಈಜುಕೊಳದ ಪಂಪುಗಳಿಗೆ,
ನಡುರಾತ್ರಿ ಯಾರೂ ಇಲ್ಲದೆ ಹೊಳೆಯುವ
ಕಾರಿನ ಷೋರೂಮುಗಳಿಗೆ.

ಎಲ್ಸಿಗೆ ಅದರಿಂದ ಸಿಕ್ಕಿದ್ದು ನೆರಳು.
ಮಧ್ಯಾಹ್ನ ಅವಳ ಕುರಿಗಳು
ಗೋಪುರದ ನೆರಳಿನಷ್ಟೇ ಅಗಲಕ್ಕೆ ಸಾಲಾಗಿ ನಿಲ್ಲುತ್ತವೆ;
ನೆರಳು ಸರಿದಂತೆ ಸಾಲೂ ಸರಿಯುತ್ತದೆ.
"ಅದೇ ನನ್ನ ಗಡಿಯಾರ" ಅಂದಳು.

ದೀಪದ ಬುಡದ ಗಾದೆ ನಾಲಗೆ ತುದಿಗೆ ಬಂದಿತ್ತು.
ಹೇಳಲಿಲ್ಲ.
ಅವಳು ಅದರಲ್ಲಿ ಬದುಕಿದವಳು, ನಾನು ಬಾಯಿಪಾಠ ಮಾಡಿದವನು.
ನನ್ನಪ್ಪನೂ ಲೈನ್‌ಮನ್, ಶರಾವತಿಯ ಆಚೆ ದಂಡೆಯಲ್ಲಿ.
"ಕರೆಂಟು ನೀರಿನ ಹಾಗಲ್ಲ ಮಾರಾಯ,
ನೀರು ದಾರಿಯಲ್ಲಿದ್ದವರ ಕಾಲನ್ನಾದರೂ ತೋಯಿಸುತ್ತದೆ"
ಅನ್ನುತ್ತಿದ್ದ, ಕಂಬದಿಂದ ಇಳಿದು ಕೈ ಒರೆಸಿಕೊಳ್ಳುತ್ತ.

ಮೂರನೆಯ ಕಂಬಕ್ಕೆ ಬಂಡೆ ಸಿಕ್ಕಿತು.
ಡ್ರಿಲ್ಲಿನ ಹಲ್ಲು ಎರಡು ಸಲ ಮುರಿಯಿತು.
ಡೆಲ್ಬರ್ಟ್ ಟೋಪಿ ತೆಗೆದು ಬೆವರು ಕೊಡವಿ
"ನಮ್ಮ ಆಫೀಸಿಗಿಂತ ಇದು ವಾಸಿ,
ಎರಡನೇ ದಿನಕ್ಕೇ ದಾರಿ ಬಿಟ್ಟಿತು" ಅಂದ.

ವೈರಿಂಗ್ ನೋಡಲು ಒಳಗೆ ಹೋದೆ.
ಮೂಲೆಯಲ್ಲೊಂದು ಫ್ರಿಜ್ಜು, ನನಗಿಂತ ಎತ್ತರ.
ಬರುವ ವರ್ಷ ಬಂದೇ ಬರುತ್ತದೆ ಅಂದವನೊಬ್ಬನ ಮಾತು ನಂಬಿ
ಗಂಡ ಲಾರಿಯಲ್ಲಿ ಹೇರಿ ತಂದದ್ದಂತೆ,
ಕಾಗದಗಳಿಗೂ ಮೊದಲು.
ಬಾಗಿಲು ತೆಗೆದೆ:
ಮೇಲಿನ ತಟ್ಟೆಯಲ್ಲಿ ಉಣ್ಣೆಯ ಉಂಡೆಗಳು,
ಬೂದಿ, ಕಂದು, ಮಳೆಗೆ ಮುಂಚಿನ ಆಕಾಶದ್ದೊಂದು;
ಕೆಳಗೆ ಹಿಟ್ಟಿನ ಚೀಲ;
ತರಕಾರಿಯ ಗೂಡಿನಲ್ಲಿ ಗಂಡನನ್ನು ಸೈನ್ಯ ಬಿಟ್ಟುಕೊಟ್ಟ ಪತ್ರ;
ಮೊಟ್ಟೆಯ ಕುಳಿಗಳಲ್ಲಿ ಗುಂಡಿ, ಸೂಜಿ,
ಯಾವ ಮಗುವಿನದೋ ಹಾಲುಹಲ್ಲು.
"ಇಲಿ ನುಗ್ಗುವುದಿಲ್ಲ" ಅಂದಳು ಎಲ್ಸಿ,
"ಇಂಥ ಬೀರು ಈ ಸೀಮೆಯಲ್ಲಿ ಯಾರಿಗಿದೆ?"

ಹೊಸಿಲ ಪಕ್ಕ ಥರ್ಮೊಕೋಲ್ ಡಬ್ಬ.
ಇಪ್ಪತ್ತೆಂಟು ಮೈಲಿಯಿಂದ ಮೊಮ್ಮಗಳು ಶಾಂಡೀನ್ ತರುವ ಐಸು,
ಐಸಿನ ಮೇಲೆ ಇನ್ಸುಲಿನ್.

ಗುರುವಾರ ನಾಲ್ಕು ಗಂಟೆಗೆ ಸ್ವಿಚ್ಚು.
ಮೊದಲು ಫ್ರಿಜ್ಜು ಬರಿದಾಗಬೇಕಿತ್ತು.
ಒಂದೊಂದನ್ನೇ ತೆಗೆದು ಮಂಚದ ಮೇಲಿಟ್ಟೆವು;
ಮಂಚ ತುಂಬಿತು, ಇಬ್ಬರು ಮಲಗುವಷ್ಟು ಜಾಗ.
ಇದು ಓಡಲಿಕ್ಕಿಲ್ಲ ಎಂದು ನಾನು ಹೇಳುತ್ತಿರುವಾಗಲೇ
ಒಮ್ಮೆ ನಡುಗಿ, ಗಂಟಲು ಸರಿಮಾಡಿಕೊಂಡು,
ಗುಂಯ್ಯೆಂದಿತು.

ಎಲ್ಸಿ ಕಿವಿಗೊಟ್ಟಳು.
ಬಾಗಿಲಿಗೆ ಹೋಗಿ ದೊಡ್ಡ ಲೈನಿನ ಕಡೆ ನೋಡಿದಳು,
ತಿರುಗಿ ಬಂದು ಫ್ರಿಜ್ಜಿನ ಬೆನ್ನಿಗೆ ಅಂಗೈಯಿಟ್ಟಳು.
ಹಿಮ ಬಿದ್ದ ಬೆಳಗುಗಳಲ್ಲಿ
ಐವತ್ತು ವರ್ಷ ತಲೆಯ ಮೇಲೆ ಕೇಳಿದ ಶ್ರುತಿ.
"ಅಂದರೆ ಅದೂ," ಅಂದಳು,
"ಯಾರದೋ ಅಡುಗೆಮನೆಯ ಸದ್ದೇ ಆಗಿತ್ತು."

ಶಾಂಡೀನ್ ಆ ಪುಟ್ಟ ಸೀಸೆಯನ್ನು ಒಳಗಿಟ್ಟಳು.
ಅಷ್ಟು ದೊಡ್ಡ ಬೆಳಕಿನ ಗೂಡಿನಲ್ಲಿ
ಅದೊಂದೇ.

ನಾವು ಹಗ್ಗ ಸುತ್ತಿ ಏಣಿ ಕಟ್ಟುವಾಗ
ಹೊಸ ಕಂಬದ ಸಪೂರ ನೆರಳಿನಲ್ಲಿ
ಒಂದು ಕುರಿ ಆಗಲೇ ಬಂದು ನಿಂತಿತ್ತು.
ಒಳಗಿನಿಂದ ಎಲ್ಸಿಯ ದನಿ,
ನಮಗೋ, ಮೊಮ್ಮಗಳಿಗೋ, ಸತ್ತ ಗಂಡನಿಗೋ:
ಇನ್ನು ಇವನ್ನೆಲ್ಲ ಎಲ್ಲಿಡಲಿ?